ಬಾಗಿಲಿಗೆಂದು ಗುರುತಿಟ್ಟ ಒಣಮರ

ನಮ್ಮ ಮನೆಗೆ ಬಾಗಿಲಿರಲಿಲ್ಲ. ನಗಬೇಡಿ. ಗೋಡೆ ಇತ್ತು, ಸೂರು ಇತ್ತು, ಎರಡು ಕಿಟಕಿ ಇದ್ದವು, ಬೆಳಿಗ್ಗೆಯಿಂದ ಸಂಜೆವರೆಗೆ ಗೊಣಗಲು ಒಬ್ಬರು ಅತ್ತೆಯೂ ಇದ್ದರು. ಬಾಗಿಲು ಮಾತ್ರ ಇರಲಿಲ್ಲ.

ಆಗಿದ್ದು ಇಷ್ಟು. ಊರ ಮುಂದಿನ ರಸ್ತೆಯನ್ನು ಅಗಲ ಮಾಡಿ ಹೆದ್ದಾರಿ ಮಾಡುತ್ತೇವೆ ಎಂದರು. ನಮ್ಮ ಮನೆಯ ಮುಂದಿನ ಕೋಣೆ ಅದರಲ್ಲಿ ಹೋಗಬೇಕಾಯಿತು. ಮೂರು ತಿಂಗಳು ಮೊದಲೇ ನೋಟಿಸ್ ಕೊಟ್ಟಿದ್ದರು, ಅದರಲ್ಲಿ ತಪ್ಪು ಹೇಳಲಾರೆ. ನಾವು ಸಾಮಾನನ್ನೆಲ್ಲ ಹಿಂದಿನ ಎರಡು ಕೋಣೆಗೆ ಸಾಗಿಸಿದೆವು. ಬಾಗಿಲನ್ನೂ ಹುಷಾರಾಗಿ ಬಿಚ್ಚಿ, ಒರೆಸಿ, ಗೋಡೆಗೆ ಒರಗಿಸಿಟ್ಟೆವು. ಯಾವ ಗೋಡೆಗೆ? ಒಡೆಯಬೇಕಾಗಿದ್ದ ಗೋಡೆಗೇ! ಮಾರನೇ ದಿನ ಯಂತ್ರ ಬಂತು, ಗೋಡೆ ಬಾಗಿಲು ಎರಡನ್ನೂ ಒಂದೇ ತುತ್ತು ಮಾಡಿತು. ಒರಗಿಸಿದ್ದು ಯಾರು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ. ನಾನು ಯಜಮಾನರನ್ನು ತೋರಿಸುತ್ತೇನೆ, ಅವರು ನನ್ನನ್ನು ತೋರಿಸುತ್ತಾರೆ, ಅತ್ತೆ ಇಬ್ಬರನ್ನೂ ತೋರಿಸುತ್ತಾರೆ.

ಅಂದಿನಿಂದ ಬಾಗಿಲಿನ ಜಾಗದಲ್ಲಿ ಒಂದು ನೀಲಿ ಟಾರ್ಪಾಲು. ಗಾಳಿ ಬೀಸಿದರೆ ಪಟಪಟ ಬಡಿದುಕೊಳ್ಳುತ್ತದೆ. ಲಾರಿ ಹೋದರೆ ಧೂಳೆಲ್ಲ ಒಳಗೆ. ಎದುರು ಮನೆಯ ನಾಯಿಯಂತೂ ನಮ್ಮ ಮನೆಯನ್ನು ಮಾವನ ಮನೆ ಮಾಡಿಕೊಂಡಿತ್ತು, ಊಟದ ಹೊತ್ತಿಗೆ ಸರಿಯಾಗಿ ಹಾಜರು. ಇದನ್ನೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದಿದ್ದದ್ದು ಅತ್ತೆಯ ಮಂಡಿನೋವು. ಅವರ ಮಂಚ ಇರುವುದು ಆ ಟಾರ್ಪಾಲಿನ ಪಕ್ಕದಲ್ಲೇ, ಬೇರೆ ಕಡೆ ಜಾಗವಿಲ್ಲ. ತಣ್ಣನೆ ಗಾಳಿ ನೆಲದ ಮೇಲೆ ಹರಿದು ಬಂದು ನೇರ ಅವರ ಮಂಡಿಗೇ ತಾಗುತ್ತಿತ್ತು.

"ಇನ್ನೊಂದು ಚಳಿಗಾಲ ಹೀಗೇ ಕಳೆದ್ರೆ ನನ್ನನ್ನ ನಡೆಸೋಕೆ ಇಬ್ಬರು ಬೇಕಾಗ್ತಾರೆ ನೋಡ್ರೀ," ಎನ್ನುತ್ತಿದ್ದರು ಬೆಳಿಗ್ಗೆ ಏಳುವಾಗ. ನಮ್ಮತ್ತೆ ಗೊಣಗುತ್ತಾರೆ ನಿಜ, ಸುಳ್ಳು ಹೇಳುವವರಲ್ಲ. ಚಳಿಗಾಲಕ್ಕೆ ಮೊದಲು ನನಗೊಂದು ಬಾಗಿಲು ಬೇಕೇ ಬೇಕಿತ್ತು.

ನಮ್ಮ ಹೊಟ್ಟೆಪಾಡು ಕೂಡ ಅದೇ ರಸ್ತೆಯದು. ಯಜಮಾನರು ಮರ ಕೊಯ್ಯುವವರು. ಗರಗಸ ಹಿಡಿದರೆ ಎತ್ತಿದ ಕೈ. ನಾನು ಕೆಲಸ ನಡೆಯುವ ಕಡೆ ಹಲಗೆ ಹಿಡಿದು ನಿಲ್ಲುವವಳು. ಹಲಗೆಯ ಒಂದು ಮುಖ ಹಸಿರು, ಇನ್ನೊಂದು ಮುಖ ಕೆಂಪು. ಹಸಿರು ತೋರಿಸಿದರೆ ಗಾಡಿ ಹೋಗಬಹುದು. ಕೆಂಪು ತೋರಿಸಿದರೆ ಎಂಥ ದೊಡ್ಡ ಮನುಷ್ಯನಾದರೂ ನಿಲ್ಲಲೇಬೇಕು. ಮನೆಯಲ್ಲಿ ನನ್ನ ಮಾತಿಗೆ ಯಾರೂ ಸೊಪ್ಪು ಹಾಕುವುದಿಲ್ಲ, ಹಾಗಾಗಿ ಆ ಕೆಲಸ ನನಗೆ ಬಹಳ ಇಷ್ಟ.

ನಮ್ಮ ಮೇಲೆ ಒಬ್ಬರು ಸೂಪರ್‌ವೈಸರ್. ಅವರಿಗೆ ನಾವಿಟ್ಟ ಹೆಸರು 'ಇವತ್ತೇ ಸಾಹೇಬರು'. ಯಾವ ಕೆಲಸ ಕೇಳಿದರೂ "ಇವತ್ತೇ ಆಗ್ಬೇಕು" ಎನ್ನುತ್ತಾರೆ. ಕೆಟ್ಟವರಲ್ಲ. ಅವರ ಮೇಲಿನವರು ಅವರಿಗೆ "ನಿನ್ನೆಯೇ ಆಗ್ಬೇಕಿತ್ತು" ಎನ್ನುತ್ತಾರಂತೆ, ಪಾಪ.

ರಸ್ತೆ ಬದಿಯ ಮರಗಳಿಗೆಲ್ಲ ಗುರುತು ಹಾಕಿದ್ದರು. ಕೆಂಪು ನಂಬರ್ ಬರೆದ ಮರ ಕಡಿಯಬೇಕು, ಅದರ ದಿಮ್ಮಿ ನಂಬರಿನ ಸಮೇತ ಡಿಪೋಗೆ ಹೋಗಬೇಕು, ಅದರ ಒಂದು ಚಕ್ಕೆಯನ್ನೂ ನಾವು ಮನೆಗೆ ತರುವ ಹಾಗಿಲ್ಲ. ಬಿಳಿ ಪಟ್ಟಿ ಬಳಿದ ಮರವನ್ನು ಮುಟ್ಟುವ ಹಾಗೇ ಇಲ್ಲ. ಆದರೆ ಒಣಗಿ ನಿಂತ ಮರಗಳಿಗೆ ನಂಬರೂ ಇಲ್ಲ, ಪಟ್ಟಿಯೂ ಇಲ್ಲ. ಎಣಿಸಲು ಬಂದವರು ಜೀವ ಇರುವ ಮರಗಳನ್ನಷ್ಟೇ ಎಣಿಸಿ ಹೋಗಿದ್ದರು. ಮರ ಕೊಯ್ಯುವವರಲ್ಲಿ ಮೊದಲಿಂದಲೂ ಒಂದು ರೂಢಿ ಉಂಟು: ಒಣಮರ ಯಾರು ಇಳಿಸಿದರೆ ಅವರಿಗೇ. ಯಾರೂ ಕೇಳುವವರಿಲ್ಲ.

"ಜೀವ ಇರೋ ಮರ ಉಳಿಸ್ತೀವಿ, ಸತ್ತ ಮರ ತಗೊಳ್ತೀವಿ. ಇದರಲ್ಲಿ ಯಾರಿಗೆ ಏನು ನಷ್ಟ?" ಎಂದು ಯಜಮಾನರು ಎದೆ ತಟ್ಟಿ ಹೇಳುತ್ತಿದ್ದರು. ನಾವೆಲ್ಲ ತಲೆ ಆಡಿಸುತ್ತಿದ್ದೆವು. ನಮಗಿಂತ ಒಳ್ಳೆಯವರು ಈ ಹೆದ್ದಾರಿಯಲ್ಲೇ ಇಲ್ಲ ಎಂದುಕೊಂಡಿದ್ದೆವು.

ರಸ್ತೆಯ ತಿರುವಿನಲ್ಲಿ ಅಂಥದ್ದೊಂದು ಒಣಮರ ಇತ್ತು. ಇಬ್ಬರು ತಬ್ಬಿದರೂ ಕೈಗೆ ಕೈ ಸೇರದಷ್ಟು ದಪ್ಪ. ಒಂದು ದೊಡ್ಡ ಕೊಂಬೆ ರಸ್ತೆಯ ಮೇಲೆ ಚಾಚಿಕೊಂಡಿತ್ತು. ಯಜಮಾನರು ಅದಕ್ಕೆ ಸೀಮೆಸುಣ್ಣದಲ್ಲಿ ತಮ್ಮ ಗುರುತು ಹಾಕಿ ಬಂದರು. "ಶನಿವಾರ ಇಳಿಸ್ತೀನಿ. ನಿನ್ನ ಬಾಗಿಲು ಅದರೊಳಗೆ ನಿಂತಿದೆ ಅಂದುಕೋ," ಎಂದರು. ನಾನು ಆ ದಿನವೇ ಬಾಗಿಲಿಗೆ ಯಾವ ಬಣ್ಣ ಎಂದು ಯೋಚಿಸತೊಡಗಿದೆ.

ಇಷ್ಟರಲ್ಲಿ ನನ್ನ ನಾದಿನಿ ಬಂದಳು. ಯಜಮಾನರ ತಂಗಿ. ಅವಳೂ ಈ ಹೆದ್ದಾರಿಯದ್ದೇ ಕೆಲಸದಲ್ಲಿದ್ದಳು, ಆದರೆ ಅವಳ ಕೆಲಸ ಕೇಳಿದರೆ ನೀವೂ ನಗುತ್ತೀರಿ: ರಸ್ತೆ ಉದ್ದಕ್ಕೂ ನಡೆದು ಹಕ್ಕಿ ಗೂಡು ಎಣಿಸುವುದು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ನೋಟ್‌ಬುಕ್ಕು, ಕಣ್ಣು ಯಾವಾಗಲೂ ಮೇಲೆ. ಚಿಕ್ಕವಳಿದ್ದಾಗಿಂದ ಹಾಗೇ. ಊರಿನ ಒಂದೊಂದು ಚರಂಡಿಗೂ ಒಂದೊಂದು ಸಲ ಬಿದ್ದಿದ್ದಾಳೆ.

ಗುರುವಾರ ಸಂಜೆ ಊಟಕ್ಕೆ ಕೂತಾಗ ಅವಳು ಕೇಳಿದಳು, "ಅಣ್ಣಾ, ತಿರುವಿನ ಒಣಮರಕ್ಕೆ ಗುರುತು ಹಾಕಿರೋದು ನೀನೇ ತಾನೇ?"

"ಹೂಂ. ನಿಮ್ಮತ್ತಿಗೆಗೆ ಬಾಗಿಲು."

"ಅದನ್ನ ಮುಟ್ಟಬೇಡ ಅಣ್ಣ."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಏನಂದೆ? ಇನ್ನೊಂದ್ಸಲ ಹೇಳು."

"ಅದರಲ್ಲಿ ಮರಕುಟಿಗ ಗೂಡು ಮಾಡಿದೆ ಅತ್ತಿಗೆ. ದೊಡ್ಡ ಜಾತೀದು. ಕಾಗೆಗಿಂತ ದೊಡ್ಡದು, ಮೈ ಕಪ್ಪು, ಹೊಟ್ಟೆ ಬಿಳಿ, ತಲೆ ಮೇಲೆ ಕೆಂಪು ಜುಟ್ಟು. ನಾಲ್ಕು ತಿಂಗಳಿಂದ ನಡೀತಿದ್ದೀನಿ, ಈ ರಸ್ತೆ ಪಕ್ಕದ ಕಾಡಲ್ಲೆಲ್ಲ ನನಗೆ ಸಿಕ್ಕಿದ್ದು ಮೂರೇ ಜೋಡಿ. ಅದರಲ್ಲಿ ಎರಡು ಜೋಡಿಯ ಮರ ಆಗಲೇ ಹೋಯ್ತು. ಇದೊಂದೇ ಉಳಿದಿರೋದು."

"ಯಾರು ಕಡಿದ್ರು?" ಯಜಮಾನರು ಗದರಿದರು.

ನಾದಿನಿ ಅಣ್ಣನ ಮುಖವನ್ನೇ ನೋಡಿದಳು.

"ನಾನಾ? ಹಸಿರು ಮರ ಒಂದನ್ನೂ ನಾನು ಸುಮ್ಮನೆ ಕಡಿದೋನಲ್ಲ!"

"ಹಸಿರು ಮರ ಕಡೀಲಿಲ್ಲ ಅಣ್ಣ, ಒಣಮರ ಕಡಿದೆ. ಹಕ್ಕಿಗೆ ಬೇಕಾಗಿದ್ದೇ ಅದು. ಹಸಿರು ಮರದ ಒಳಮೈ ಗಟ್ಟಿ. ಇಷ್ಟು ದೊಡ್ಡ ಹಕ್ಕಿಗೆ ಒಳಗೆ ಕೋಣೆ ಮಾಡೋಕೆ ಹೊರಗೆ ಗಟ್ಟಿ ಇದ್ದು ಒಳಗೆ ಮೆತ್ತಗಾಗಿರೋ ದಪ್ಪ ಮರ ಬೇಕು. ಅಂಥ ಮರ ಹೆಚ್ಚಾಗಿ ಮುದಿ ಮರ, ಒಣಮರ. ನಾವು ಸತ್ತಿದೆ ಅಂತೀವಿ, ಅದು ಮನೆ ಅನ್ನುತ್ತೆ."

ಅತ್ತೆ ಮಂಚದಿಂದಲೇ ಕೇಳಿದರು, "ಹಕ್ಕಿಗೇನೇ, ರೆಕ್ಕೆ ಇದೆ. ಹಾರಿ ಹೋಗಿ ಬೇರೆ ಮರ ಕೊರೆದುಕೊಳ್ಳಲಿ."

"ಅಪ್ಪ ಅಮ್ಮನಿಗೆ ರೆಕ್ಕೆ ಇದೆ ಅಮ್ಮ. ಒಳಗಿರೋ ಮರಿಗಳಿಗೆ ಇನ್ನೂ ಇಲ್ಲ. ಮತ್ತೆ ಒಂದು ಕೋಣೆ ಕೊರೆಯೋಕೆ ವಾರಗಟ್ಟಲೆ ಬೇಕು. ಕೊರೆಯೋಣ ಅಂದ್ರೆ ಇನ್ನೊಂದು ಅಂಥ ಮರ ಎಲ್ಲಿದೆ? ನಿಮ್ಮ ಮಗನ ಕೈಲಿ ಗರಗಸ ಇದ್ಯಲ್ಲ."

ನಾನು ನ್ಯಾಯಸ್ಥಳು. ಹಾಗಾಗಿ ಒಂದು ದಾರಿ ಹೇಳಿದೆ. "ನಿಮ್ಮಣ್ಣ ಒಂದು ಚೆಂದದ ಹಲಗೆ ಡಬ್ಬ ಮಾಡಿ ಕಂಬಕ್ಕೆ ಹೊಡೀತಾರೆ. ಪಾಲಿಶ್ ಬೇಕಾದ್ರೂ ಹಾಕಿಸೋಣ. ಅದರಲ್ಲಿ ಇರಲಿ."

ನಾದಿನಿಗೆ ನಗು ತಡೆಯಲಾಗಲಿಲ್ಲ. "ಅದು ಬಾಡಿಗೆ ಮನೆಗೆ ಹೋಗೋ ಹಕ್ಕಿ ಅಲ್ಲ ಅತ್ತಿಗೆ. ಖಾಲಿ ಡಬ್ಬ ಇಟ್ರೆ ತಿರುಗಿಯೂ ನೋಡಲ್ಲ. ತನ್ನ ಮನೆ ತಾನೇ ಕೊರೀಬೇಕು. ಇದು ಕೊರೆದು, ಬಾಳಿ, ಬಿಟ್ಟುಹೋದ ಮನೆಗೆ ಆಮೇಲೆ ಗಿಳಿ, ಗೂಬೆ, ಅಳಿಲು, ಜೇನು ಎಲ್ಲ ಸಾಲಾಗಿ ಬರ್ತವೆ. ಅವಕ್ಕೆ ಕೊರೆಯೋಕೆ ಬರಲ್ಲ. ಇದೊಂದು ಇಲ್ಲ ಅಂದ್ರೆ ಅವೂ ಬೀದಿಗೆ. ಮರ ತಿನ್ನೋ ಹುಳಾನೂ ಇದೇ ಹೆಕ್ಕಿ ತಿನ್ನೋದು. ಅಣ್ಣ ಉಳಿಸಿದೀನಿ ಅಂತಾನಲ್ಲ, ಆ ಬಿಳಿ ಪಟ್ಟಿ ಮರಗಳ ಹುಳ ಯಾರು ತೆಗೀಬೇಕು?"

"ಎಲ್ಲ ಸರಿ ಕಣೆ. ಅದಕ್ಕೊಂದು ಮನೆ ಇದೆ. ನನ್ನ ಮನೆಗೆ ಬಾಗಿಲೇ ಇಲ್ಲ!"

"ಅದರ ಮನೆಗೂ ಬಾಗಿಲಿಲ್ಲ ಅತ್ತಿಗೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ಹೆತ್ತ ತಾಯಿಯ ಮಂಡಿಗಿಂತ ನಿನಗೆ ಹಕ್ಕಿ ಹೆಚ್ಚಾಯ್ತಾ?"

ಅವಳ ಮುಖ ಸಣ್ಣದಾಯಿತು. ತಟ್ಟೆ ಎತ್ತಿಟ್ಟು, ಅತ್ತೆಯ ಮಂಚದ ಕಾಲ ಬಳಿ ಕೂತು, ಅವರ ಮಂಡಿಗೆ ಎಣ್ಣೆ ಹಚ್ಚಿ ತಿಕ್ಕತೊಡಗಿದಳು. ಅಂದದ್ದು ತಪ್ಪು ಎಂದು ನನಗೆ ಆಗಲೇ ಗೊತ್ತಾಯಿತು, ಆದರೆ ಹೇಳಲು ನಾಲಿಗೆ ಏಳಲಿಲ್ಲ. ಯಜಮಾನರು ಮಾತ್ರ, "ಶನಿವಾರ ತಟ್ಟಿ ನೋಡ್ತೀನಿ. ಆಮೇಲೆ ಮಾತು," ಎಂದು ಕೈ ತೊಳೆಯಲು ಎದ್ದರು.

ತಟ್ಟಿ ನೋಡುವುದು ಅಂದರೆ ಇದು. ಯಾವುದೇ ಮರ ಇಳಿಸುವ ಮೊದಲು ನಮ್ಮ ಯಜಮಾನರು ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಮೂರು ಸಲ ತಟ್ಟಿ, ಕಿವಿ ಹಚ್ಚಿ ಕೇಳುತ್ತಾರೆ. ಸದ್ದು ಗಟ್ಟಿಯೋ ಟೊಳ್ಳೋ ಎಂಬುದರಿಂದ ಮರ ಎತ್ತ ಬೀಳುತ್ತದೆ, ಹಲಗೆ ಎಷ್ಟು ಬರುತ್ತದೆ ಎಂದು ಹೇಳಿಬಿಡುತ್ತಾರೆ. ತಟ್ಟದೆ ಅವರು ಗರಗಸ ಶುರು ಮಾಡಿದ್ದೇ ಇಲ್ಲ.

ಶನಿವಾರ ಬೆಳಿಗ್ಗೆ ನಾವೆಲ್ಲ ತಿರುವಿನಲ್ಲಿ ಸೇರಿದೆವು. ಇವತ್ತೇ ಸಾಹೇಬರು ಆಗಲೇ ಬಂದು ಗಡಿಯಾರ ನೋಡಿಕೊಳ್ಳುತ್ತಿದ್ದರು. ಮಣ್ಣು ಅಗೆಯುವ ದೊಡ್ಡ ಯಂತ್ರ ತಿರುವಿನಾಚೆ ಗುರುಗುಡುತ್ತ ನಿಂತಿತ್ತು. ನಾನು ಹಲಗೆ ಹಿಡಿದು ರಸ್ತೆ ಮಧ್ಯೆ. ನಾದಿನಿ ನನ್ನ ಕಡೆ ನೋಡದೆ ಮರದ ಬುಡಕ್ಕೆ ಹೋಗಿ ಬಗ್ಗಿ, ಒಂದು ಹಿಡಿ ಚಕ್ಕೆ ಎತ್ತಿ ತಂದು ಅಣ್ಣನ ಕೈಗೆ ಸುರಿದಳು.

"ನೋಡು, ಬೆಳ್ಳಗಿದೆ. ಈ ವರ್ಷ ಕೊರೆದಿದ್ದು. ಹಳೇ ಗೂಡಾಗಿದ್ರೆ ಚಕ್ಕೆ ಕಪ್ಪಾಗಿ ಮಣ್ಣು ಸೇರಿರೋದು."

ಯಜಮಾನರು ಚಕ್ಕೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಮರ ಬಲ್ಲವರು, ಅವಳು ಹೇಳಿದ್ದು ಸುಳ್ಳಲ್ಲ ಎಂದು ತಿಳಿಯಿತು. ಆದರೂ ನನ್ನ ಕಡೆ ಒಮ್ಮೆ ನೋಡಿದರು. ನಾನು ಮುಖ ಊದಿಸಿಕೊಂಡೇ ಇದ್ದೆ. ಅವರು ಕೊಡಲಿ ತಿರುಗಿಸಿ ತಟ್ಟಿದರು. ಟಕ್, ಟಕ್, ಟಕ್.

ಮರ ಉತ್ತರ ಕೊಟ್ಟಿತು.

ಸುಳ್ಳಲ್ಲ, ಒಳಗಿಂದ ಒಂದು ಸದ್ದು ಬಂತು. ಕುದಿಯುವ ಪಾತ್ರೆಯ ಮುಚ್ಚಳ ನಡುಗುತ್ತದಲ್ಲ, ಹಾಗೆ ಝರ್‌ಝರ್ ಎಂದು, ಬಿಡದೆ. ಯಜಮಾನರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಮೂವತ್ತು ವರ್ಷದಿಂದ ಮರ ತಟ್ಟುತ್ತ ಬಂದವರು, ಅವತ್ತಿನವರೆಗೆ ಯಾವ ಮರವೂ ಅವರಿಗೆ ತಿರುಗಿ ಮಾತಾಡಿರಲಿಲ್ಲ.

"ಮರಿಗಳು," ಎಂದಳು ನಾದಿನಿ ಮೆಲ್ಲಗೆ. "ಅಪ್ಪ ಅಮ್ಮ ಬಂದು ಮರ ಕುಟ್ಟಿದ್ರು ಅಂದುಕೊಂಡಿವೆ. ಊಟ ಕೇಳ್ತಿವೆ."

ಯಜಮಾನರು ಕೊಡಲಿಯನ್ನು ಹಾಗೇ ಕೆಳಗಿಟ್ಟರು. ಮೇಲಿಂದ ಕಿರ್ರ್ ಎಂದು ಒಂದು ಕೂಗು ಕೇಳಿಸಿತು. ಕೆಂಪು ಜುಟ್ಟಿನ ಕರಿ ಹಕ್ಕಿ, ನಮ್ಮೆಲ್ಲರ ತಲೆ ಮೇಲಿಂದ ಹಾರಿ ಬಂದು ಮರಕ್ಕೆ ಅಂಟಿಕೊಂಡು, ಕತ್ತು ಆಚೀಚೆ ತಿರುಗಿಸುತ್ತ ನಮ್ಮನ್ನು ಬೈಯತೊಡಗಿತು. ಅಬ್ಬಾ, ಏನು ಬೈಗುಳ! ನಾನೂ ಬಾಯಿ ಇದ್ದವಳೇ, ಆದರೆ ಇಷ್ಟು ಹೊತ್ತು ಉಸಿರು ತೆಗೆದುಕೊಳ್ಳದೆ ಬೈಯಲು ನನಗೂ ಬರುವುದಿಲ್ಲ. ಬೈದು ಬೈದು, ನಾವಿದ್ದರೂ ಲೆಕ್ಕಿಸದೆ, ತೂತಿನೊಳಗೆ ತಲೆ ಹಾಕಿ ಮರಿಗಳ ಬಾಯಿಗೆ ತಂದದ್ದನ್ನು ಸುರಿಯಿತು.

ನನಗೆ ನಮ್ಮ ಮನೆ ನೆನಪಾಯಿತು. ನಮ್ಮ ಕೋಣೆ ಒಡೆದ ದಿನ ನಾನೂ ಹೀಗೇ ನಿಂತು ಕೂಗಾಡಿದ್ದೆ. ಆದರೆ ನಮಗೆ ನೋಟಿಸ್ ಬಂದಿತ್ತು, ಮೂರು ತಿಂಗಳಿತ್ತು, ಹೋಗಲು ಹಿಂದಿನ ಕೋಣೆಗಳಿದ್ದವು. ಇದಕ್ಕೆ ಯಾರು ನೋಟಿಸ್ ಕೊಟ್ಟರು? ಕೊಟ್ಟಿದ್ದರೂ ಹೋಗುವುದೆಲ್ಲಿಗೆ? ನನಗೆ ನಾಚಿಕೆಯಾಯಿತು. ನನ್ನ ಬಾಗಿಲಿಗೆ ಬಣ್ಣ ಆರಿಸುತ್ತ ಕೂತಿದ್ದೆನಲ್ಲ ಎಂದು.

ಅಷ್ಟರಲ್ಲಿ ಯಂತ್ರದವನು, ಮರ ಬಿದ್ದಾಯಿತು ಎಂದುಕೊಂಡನೋ ಏನೋ, ಗುರುಗುಡುತ್ತ ತಿರುವು ದಾಟಿ ಬಂದೇ ಬಂದ. ಯಂತ್ರದ ಉಕ್ಕಿನ ಕೈ ಮೇಲೆದ್ದಿತ್ತು, ಆ ಒಣ ಕೊಂಬೆಗೆ ತಾಗುವಷ್ಟು ಎತ್ತರ. ಒಂದು ಏಟು ಬಿದ್ದರೆ ಮರವೇ ಅಲುಗುತ್ತಿತ್ತು.

ನಾನು ಯೋಚಿಸಲಿಲ್ಲ. ರಸ್ತೆ ಮಧ್ಯೆ ನಿಂತು ಹಲಗೆ ತಿರುಗಿಸಿದೆ. ಕೆಂಪು.

ಯಂತ್ರ ಗಕ್ಕನೆ ನಿಂತಿತು.

"ಏನಮ್ಮಾ ಇದು? ಗಾಡಿ ಬರ್ತಿಲ್ಲ, ಏನಿಲ್ಲ, ಕೆಂಪು ಯಾಕೆ?" ಇವತ್ತೇ ಸಾಹೇಬರು ಓಡಿ ಬಂದರು.

"ಕೆಂಪು ಇದ್ದಾಗ ಯಾರೂ ದಾಟಬಾರದು ಅಂತ ನೀವೇ ಹೇಳಿಕೊಟ್ಟಿದ್ದು ಸಾರ್. ನೀವೂ ಅಲ್ಲೇ ನಿಲ್ಲಿ."

ಅವರು ನಿಂತೇಬಿಟ್ಟರು! ಪಾಪ, ಅಭ್ಯಾಸಬಲ. ಕೆಲಸದವರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಾದಿನಿ ಮೊದಲ ಬಾರಿಗೆ ನನ್ನ ಕಡೆ ನೋಡಿದಳು. ಅವಳ ಕಣ್ಣು ತುಂಬಿತ್ತು. ನಾನು, "ಈಗ ನೋಡ್ತಾ ನಿಲ್ಲಬೇಡ, ಸಾಹೇಬರಿಗೆ ಬಿಡಿಸಿ ಹೇಳು," ಎಂದು ಗದರಿದೆ. ಕ್ಷಮಿಸು ಎನ್ನಲು ನನಗೆ ಬರುವುದು ಹಾಗೆಯೇ.

ಸಾಹೇಬರ ಮಾತಿನಲ್ಲೂ ನ್ಯಾಯ ಇತ್ತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. "ಅಲ್ಲಮ್ಮ, ಗೂಡು ಸರಿ. ಆ ಕೊಂಬೆ ನೋಡು, ರಸ್ತೆ ಮೇಲೇ ಇದೆ. ನಾಳೆ ಯಾರದೋ ತಲೆ ಮೇಲೆ ಬಿದ್ರೆ? ಹಕ್ಕಿ ಉಳಿಸೋಕೆ ಹೋಗಿ ಮನುಷ್ಯ ಹೋಗಬೇಕಾ?"

"ಬೇಡ ಸಾರ್," ಎಂದಳು ನಾದಿನಿ. "ಮರ ಪೂರ್ತಿ ಬಿಡಿ ಅಂತ ನಾನೂ ಹೇಳ್ತಿಲ್ಲ. ಮರಿಗಳು ಹಾರಿ ಹೋಗೋಕೆ ಇನ್ನು ಹೆಚ್ಚು ಅಂದ್ರೆ ಮೂರು ವಾರ. ಅಲ್ಲಿವರೆಗೆ ಈ ತಿರುವಲ್ಲಿ ಕೆಲಸ ಬೇಡ, ಆ ತುದಿಯ ಚರಂಡಿ ಕೆಲಸ ಮೊದಲು ಮುಗಿಸಿ. ಮರ ಎಷ್ಟು ಎತ್ತರ ಇದೆಯೋ ಅಷ್ಟಕ್ಕಿಂತ ಹೆಚ್ಚು ದೂರ ಸುತ್ತ ಹಗ್ಗ ಕಟ್ಟೋಣ, ಗಾಡಿಗಳನ್ನ ಆಚೆ ಬದಿಯಿಂದ ಬಿಡೋಣ. ಬುಡದ ಹತ್ತಿರ ಮಣ್ಣು, ಜಲ್ಲಿ ಸುರಿಯೋದು ಬೇಡ. ಮರಿ ಹೋದ್ಮೇಲೆ ಅಣ್ಣ ಆ ಕೊಂಬೆ ತೆಗೀಲಿ, ತುದೀನೂ ಗಿಡ್ಡ ಮಾಡಲಿ. ಬಿದ್ರೂ ರಸ್ತೆಗೆ ತಾಗದಷ್ಟು. ತೂತಿರೋ ಕಾಂಡ ನಿಂತಿರಲಿ."

"ಮೂರು ವಾರಾನಾ! ಮೇಲಿನವರಿಗೆ ಏನು ಹೇಳ್ಲಿ?"

"ನಿಜಾನೇ ಹೇಳಿ. ನಮ್ಮ ಕೆಲಸದ ಕಾಗದದಲ್ಲೇ ಇದೆಯಲ್ಲ ಸಾರ್, ಗೂಡು ಕಂಡ್ರೆ ನಿಲ್ಲಿಸಿ ತಿಳಿಸಬೇಕು ಅಂತ. ನೀವು ಓದಿಲ್ವಾ?"

ಅವರು ಓದಿರಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಪಕ್ಕಕ್ಕೆ ಹೋಗಿ ಫೋನು ಮಾಡಿದರು. ತುಂಬ ಹೊತ್ತು ತಲೆ ಆಡಿಸಿದರು, ಆ ಕಡೆಯವರಿಗೆ ಕಾಣುತ್ತದೆ ಎಂಬ ಹಾಗೆ. ಬಂದು, "ಸರಿ. ಚರಂಡಿ ಕಡೆ ನಡೀರಿ ಎಲ್ಲ," ಎಂದರು. ಎರಡು ಹೆಜ್ಜೆ ಹೋದವರು ತಿರುಗಿ, "ಇವತ್ತೇ ಶುರುವಾಗ್ಬೇಕು!" ಎಂದು ಸೇರಿಸಿದರು.

ಆ ಮೂರು ವಾರ ನಮ್ಮ ರಸ್ತೆಯಲ್ಲಿ ಏನು ಸಡಗರ ಅಂತೀರಿ. ಊಟದ ಹೊತ್ತಿಗೆ ಕೆಲಸದವರೆಲ್ಲ ಹಗ್ಗದಾಚೆ ಸಾಲಾಗಿ ಕೂತು ಮರ ನೋಡುವುದೇ ಕೆಲಸ. ನಾದಿನಿಯ ದುರ್ಬೀನಿಗೆ ಸರದಿ. ಯಂತ್ರದವನಂತೂ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡು ಬೈಸಿಕೊಳ್ಳುತ್ತಿದ್ದ. ಅಪ್ಪ ಹಕ್ಕಿ ಎಷ್ಟು ಸಲ ಬಂತು, ಅಮ್ಮ ಹಕ್ಕಿ ಎಷ್ಟು ಸಲ ಬಂತು ಎಂದು ಎಣಿಸಿ ಗಂಡಸರೂ ಹೆಂಗಸರೂ ಜಗಳ ಆಡಿದರು. ಸಾಹೇಬರು ದಿನಾ ಬೆಳಿಗ್ಗೆ ನನ್ನನ್ನು ಕೇಳುತ್ತಿದ್ದರು, "ಹೋದವಾ?" ಮೊದಲ ವಾರ ಅವಸರದಲ್ಲಿ ಕೇಳುತ್ತಿದ್ದರು. ಮೂರನೇ ವಾರ, ಹೋಗಿಬಿಟ್ಟರೆ ಎಂಬ ಬೇಜಾರಿನಲ್ಲಿ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಮೊದಲ ಮರಿ ತೂತಿನಿಂದ ಅರ್ಧ ಮೈ ಹೊರಗೆ ಹಾಕಿತು. ಒಳಗೆ ಹೋಯಿತು. ಮತ್ತೆ ಹೊರಗೆ ಬಂತು. ಅಪ್ಪ ಹಕ್ಕಿ ಎದುರಿನ ಮರದಲ್ಲಿ ಕೂತು, ತಿಂಡಿ ತೋರಿಸಿ ಕರೆಯುತ್ತಿತ್ತು. "ಹಾರೋ, ಹಾರೋ," ಎಂದು ನಮ್ಮವರೆಲ್ಲ ಪಿಸುಗುಟ್ಟಿದರು. ಹಾರಿಯೇಬಿಟ್ಟಿತು! ಹಾರಿದ್ದು ಅಂದರೆ ಹಾರಿದ್ದಲ್ಲ, ಬೀಳುತ್ತ ಬೀಳುತ್ತ ಹೋಗಿ ಎದುರಿನ ಬಿಳಿ ಪಟ್ಟಿ ಮರಕ್ಕೆ ಡಿಕ್ಕಿ ಹೊಡೆದು ಅಂಟಿಕೊಂಡಿತು. ಇವತ್ತೇ ಸಾಹೇಬರು ಟೋಪಿ ತೆಗೆದು ಗಾಳಿಯಲ್ಲಿ ತೂರಿದರು. ಮಾರನೇ ದಿನ ಎರಡನೆಯದೂ ಹೋಯಿತು. ನನಗೆ ಅಳುವೂ ಬಂತು, ನಗುವೂ ಬಂತು. ನಾದಿನಿ ನನ್ನ ಹೆಗಲಿಗೆ ಒರಗಿ ನಿಂತಿದ್ದಳು.

ಎರಡು ದಿನ ಬಿಟ್ಟು, ಗೂಡು ಖಾಲಿ ಎಂದು ನಾದಿನಿ ಖಾತ್ರಿ ಮಾಡಿದ ಮೇಲೆ, ಯಜಮಾನರು ಹತ್ತಿ ಕೊಂಬೆ ಇಳಿಸಿದರು, ತುದಿ ಗಿಡ್ಡ ಮಾಡಿದರು. ಇಳಿದು ಬಂದವರು ನನ್ನನ್ನು ಪಕ್ಕಕ್ಕೆ ಕರೆದು, ತಲೆ ಕೆರೆದುಕೊಳ್ಳುತ್ತ ಹೇಳಿದರು, "ಒಂದು ಮಾತು, ಬೈಬೇಡ. ಆ ಕಾಂಡ ಪೂರ್ತಿ ಒಳಗೆ ಪುಡಿ. ಕಡಿದಿದ್ರೂ ನಿನಗೆ ಒಂದು ಗೇಣು ಹಲಗೆ ಬರ್ತಿರಲಿಲ್ಲ."

"ಹಾಗಾದ್ರೆ ನನ್ನ ಬಾಗಿಲು ಅದರೊಳಗೆ ನಿಂತಿದೆ ಅಂದ್ರಲ್ಲ?"

"ತಟ್ಟೋದಕ್ಕೆ ಮೊದಲು ಅಂದಿದ್ದು."

ಆದರೆ ಆ ಕೊಂಬೆ ಗಟ್ಟಿ ಇತ್ತು. ಅದರಿಂದ ಹಲಗೆ ಬಂದವು. ಎಷ್ಟು? ಅರ್ಧ ಬಾಗಿಲಿಗೆ ಆಗುವಷ್ಟು. ಯಜಮಾನರು ಅದನ್ನೇ ಕೂಡಿಸಿ, ಕೆಳಗಿನ ಅರ್ಧಕ್ಕೆ ಬಾಗಿಲು ಹೂಡಿದರು. ಮೇಲಿನ ಅರ್ಧಕ್ಕೆ ಟಾರ್ಪಾಲನ್ನೇ ಮಡಚಿ ಕಟ್ಟಿದೆವು. ಊರವರೆಲ್ಲ ಬಂದು ನಕ್ಕರು. ನಗಲಿ. ತಣ್ಣನೆ ಗಾಳಿ ನೆಲದ ಮೇಲೆ ಹರಿದು ಬರುವುದು ನಿಂತಿತು. ಅತ್ತೆಯ ಮಂಚ ಇರುವುದು ಆ ಅರ್ಧದ ಎತ್ತರಕ್ಕಿಂತ ಕೆಳಗೆ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಗೊಣಗದೆ ಎದ್ದರು, ನಮಗೆಲ್ಲ ಗಾಬರಿಯಾಗಿ ಏನಾಯಿತು ಎಂದು ಕೇಳಬೇಕಾಯಿತು.

"ಏನೂ ಇಲ್ಲ. ಮಂಡಿ ನೋಯ್ತಿಲ್ಲ, ಅಷ್ಟೇ," ಎಂದರು. ಆಮೇಲೆ ಮಗಳನ್ನು ಕರೆದು, "ಇನ್ನೊಂದರ್ಧಕ್ಕೆ ಯಾವ ಮರಾನೂ ಕಡೀಬೇಡಿ ಅನ್ನು ನಿಮ್ಮಣ್ಣನಿಗೆ. ಗಾಳಿಯಾಡ್ತಿರಲಿ," ಎಂದರು.

ಈಗ ನಮ್ಮ ರಸ್ತೆಯಲ್ಲಿ ಮೂರನೇ ಬಣ್ಣವೊಂದು ಬಂದಿದೆ. ಒಣಮರಗಳಿಗೆ ಹಳದಿ ಪಟ್ಟಿ. ಬಳಿದದ್ದು ಯಾರು? ನಮ್ಮ ಯಜಮಾನರೇ, ಒಂದು ಭಾನುವಾರ ಪೂರ್ತಿ, ಸೊಂಟ ಹಿಡಿದುಕೊಂಡು. ಹಳದಿ ಎಂದರೆ ನಾದಿನಿಯನ್ನು ಕೇಳದೆ ಮುಟ್ಟಬಾರದು. ಬೇರೆ ಮರ ಕೊಯ್ಯುವವರು ಬಂದು, "ಏನಯ್ಯಾ, ನಮ್ಮ ರೂಢಿ ಬಿಟ್ಟುಕೊಟ್ಟೆಯಲ್ಲ," ಎಂದರೆ ಅವರು ವಾದ ಮಾಡುವುದಿಲ್ಲ. ತಿರುವಿಗೆ ಕರೆದುಕೊಂಡು ಹೋಗಿ ಕೂರಿಸುತ್ತಾರೆ. ಆ ತೂತಿನಿಂದ ಈಗ ಒಂದು ಗಿಳಿ ಜೋಡಿ ಇಣುಕುತ್ತಿರುತ್ತದೆ. ಮರಕುಟಿಗ ಜೋಡಿ ಹತ್ತಿರದಲ್ಲೇ ಹಳದಿ ಪಟ್ಟಿಯ ಇನ್ನೊಂದು ಮರದಲ್ಲಿ ಕುಟ್ಟಿ ನೋಡುತ್ತಿದೆ ಎಂದು ನಾದಿನಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರ ಮುಂದೆಯೂ ರಸ್ತೆ ಬರುತ್ತದೆ. ಬರಲಿ, ರಸ್ತೆ ಎಲ್ಲರಿಗೂ ಬೇಕು, ನನ್ನ ಅನ್ನವೂ ಅದರಲ್ಲೇ ಇದೆ. ಹಸಿರು ಮರ ಉಳಿಸಿದೆವು ಎಂದು ನಮ್ಮ ಹಾಗೆ ಬೀಗಿ ಸುಮ್ಮನಾಗಬೇಡಿ. ಒಣಗಿ ನಿಂತ ಮರ ಕಂಡರೆ ಒಲೆಗೆ, ಹಲಗೆಗೆ ಎಂದು ಕೊಡಲಿ ಎತ್ತುವ ಮೊದಲು ಅದರ ಬುಡ ನೋಡಿ, ಬಿಳಿ ಚಕ್ಕೆ ಬಿದ್ದಿದೆಯೇ ಎಂದು. ತಲೆ ಎತ್ತಿ ನೋಡಿ, ತೂತು ಇದೆಯೇ ಎಂದು. ಇದ್ದರೆ ಮರಿ ಹಾರುವವರೆಗೆ ಕೆಲಸವನ್ನು ಬೇರೆ ತುದಿಗೆ ಒಯ್ಯಿರಿ, ಅರಣ್ಯದವರಿಗೆ ತಿಳಿಸಿ. ಮರ ವಾಲಿದೆ, ಭಯವಿದೆ ಎಂದರೆ ಗೂಡು ಖಾಲಿಯಾದ ಮೇಲೆ ತುದಿ ತೆಗೆಸಿ, ಕಾಂಡ ಬಿಡಿ. ಒಳಗಿಂದ ಸದ್ದಿಲ್ಲ ಎಂದ ಮಾತ್ರಕ್ಕೆ ಯಾರೂ ಇಲ್ಲ ಎಂದುಕೊಳ್ಳಬೇಡಿ, ಮೊಟ್ಟೆಗೆ ಬಾಯಿಲ್ಲ. ನಿಮ್ಮ ಕೆಲಸದಲ್ಲಿ ತಟ್ಟಿ ನೋಡುವ ರೂಢಿ ಇದ್ದರೆ ಒಂದೇ ಸಲ ತಟ್ಟಿ, ಗರಗಸ ಕೆಳಗಿಟ್ಟು ಸುಮ್ಮನೆ ನಿಂತು ಕೇಳಿ.

ಉತ್ತರ ಬಂದರೆ ಆ ಮರ ನಿಮ್ಮದಲ್ಲ.